ಬಾಗುವ ಬೂಟು, ಬಾಗದ ಬೂಟು

2022ನೆಯ ಇಸವಿಯ ಫೆಬ್ರುವರಿ 8. ಬೀಜಿಂಗ್ ನಗರದಲ್ಲಿ, ಒಂದು ಕಾಲಕ್ಕೆ ಉಕ್ಕಿನ ಕಾರ್ಖಾನೆಯಾಗಿದ್ದ ಶೌಗಾಂಗ್ ಆವರಣದಲ್ಲಿ, ಚಳಿಗಾಲದ ಒಲಿಂಪಿಕ್ ಕ್ರೀಡೆಗಳ ‘ಬಿಗ್ ಏರ್’ ಸ್ಪರ್ಧೆ ನಡೆದಿತ್ತು. ಎತ್ತರದ ಅಟ್ಟಣೆಯಿಂದ ಹಿಮದ ಮೇಲೆ ಜಾರಿ ಬಂದು, ದಿಬ್ಬದ ಅಂಚಿನಿಂದ ಗಾಳಿಗೆ ನೆಗೆದು, ಅಲ್ಲಿ ಲಾಗ ಹಾಕಿ ಗಿರಕಿ ಹೊಡೆದು ಮತ್ತೆ ಹಿಮಕ್ಕಿಳಿಯುವ ಸಾಹಸದ ಆಟವಿದು. ಹದಿನೆಂಟು ವರ್ಷದ ಐಲೀನ್ ಗೂ ಎಂಬ ತರುಣಿಗೆ ಉಳಿದಿದ್ದುದು ಒಂದೇ ನೆಗೆತ. ಪರಿಚಿತವಾದ ಗಿರಕಿಯನ್ನೇ ಇನ್ನಷ್ಟು ಚೆನ್ನಾಗಿ ಮಾಡಿದರೆ ಬೆಳ್ಳಿ ಸಿಗಬಹುದೆಂದು ಆಕೆಯ ತಾಯಿ ದೂರವಾಣಿಯಲ್ಲಿ ಸಲಹೆ ಕೊಟ್ಟರಂತೆ. ಮಗಳು ಅದನ್ನು ಒಪ್ಪಲಿಲ್ಲ. ತಾನು ಹಿಂದೆಂದೂ ಮಾಡಿರದ ಕಸರತ್ತನ್ನೇ ಆರಿಸಿಕೊಂಡಳು. ಎರಡು ಬಾರಿ ವಾಲುಲಾಗ. ಜೊತೆಯಲ್ಲೇ ನಾಲ್ಕೂವರೆ ಸುತ್ತು, ಅಂದರೆ 1620 ಅಂಶಗಳ ಗಿರಕಿ. ಕಾಲುಗಳು ಹಿಮವನ್ನು ಮುಟ್ಟಿದವು, ಬೀಳಲಿಲ್ಲ. ಫ್ರಾನ್ಸಿನ ಟೆಸ್ ಲೆಡೂಗಿಂತ ಕೇವಲ ಮುಕ್ಕಾಲು ಅಂಕ ಹೆಚ್ಚು ಪಡೆದು ಚಿನ್ನ ಗೆದ್ದಳು.

ಇಂಥ ನೋಟವನ್ನು ಕಂಡವರು ಆ ಧೈರ್ಯವನ್ನು ಕೊಂಡಾಡುತ್ತಾರೆ, ಆ ಅಂಗಸೌಷ್ಠವಕ್ಕೆ ಬೆರಗಾಗುತ್ತಾರೆ. ಅದು ಸಹಜವೇ. ಆದರೆ ಕಾಲಿನಲ್ಲಿರುವ ಬೂಟಿನ ಕಡೆಗೆ ನೋಟ ಹರಿಯುವುದು ಅಪರೂಪ. ಮೆಟ್ಟು ಎಲ್ಲಿ ಕಚ್ಚುತ್ತದೆಂಬುದು ಮೆಟ್ಟಿದವನಿಗೇ ಗೊತ್ತು ಎಂಬ ಮಾತು ನಮ್ಮಲ್ಲಿ ಹಳೆಯದು. ಹಿಮದ ಮೇಲೆ ಲಾಗ ಹಾಕುವವರ ಪಾಲಿಗೆ ಆ ಮಾತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅವರ ಮೆಟ್ಟು ಕಚ್ಚಿದರೆ ಚರ್ಮವಷ್ಟೇ ಸುಲಿಯುವುದಿಲ್ಲ, ಮಂಡಿಯೇ ಹೋಗಬಹುದು.

ದೇಹಕ್ಕೂ ಹಲಗೆಗೂ ಒಂದೇ ಕೊಂಡಿ

ಸ್ಕೀ ಎಂಬುದು ಕಾಲಿಗೆ ಕಟ್ಟಿಕೊಳ್ಳುವ ನೀಳವಾದ ಜಾರುಹಲಗೆ. ಪರ್ವತದಿಂದಿಳಿಯುವ ಆಟದಲ್ಲಿ ಬೂಟಿನ ಮುಂತುದಿಯನ್ನೂ ಹಿಮ್ಮಡಿಯನ್ನೂ ಲೋಹದ ಕಟ್ಟು ಹಲಗೆಗೆ ಭದ್ರವಾಗಿ ಹಿಡಿದಿರುತ್ತದೆ. ಹೀಗಾಗಿ ಮನಸ್ಸಿನ ಇಚ್ಛೆ ಹಲಗೆಗೆ ತಲುಪಬೇಕಾದರೆ ಬೂಟಿನ ಮೂಲಕವೇ ತಲುಪಬೇಕು. ನೆಲದ ಪೆಟ್ಟು ದೇಹಕ್ಕೆ ಬರಬೇಕಾದರೂ ಅದೇ ದಾರಿ.

ಬೂಟಿನ ಹೊರಭಾಗ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಒಳಗೆ ಮೆತ್ತನೆಯ ಒಳಬೂಟು, ಮೇಲೆ ಕಣಕಾಲನ್ನು ಸುತ್ತುವರಿದ ಪಟ್ಟಿ, ಮುಂದುಗಡೆ ನಾಲಿಗೆ. ಆಟಗಾರನು ಮೊಣಕಾಲನ್ನು ಮುಂದಕ್ಕೆ ಬಾಗಿಸಿದಾಗ ಕಣಕಾಲಿನ ಮುಂಭಾಗ ಆ ನಾಲಿಗೆಯನ್ನು ಒತ್ತುತ್ತದೆ. ಆ ಒತ್ತಡಕ್ಕೆ ಬೂಟು ಎಷ್ಟು ಪ್ರತಿರೋಧ ತೋರಿಸುತ್ತದೆಯೋ ಅದೇ ಅದರ ಬಿಗಿತ. ಸುಲಭವಾಗಿ ಬಾಗಿದರೆ ಅದು ಮೃದು. ಹಠ ಮಾಡಿದರೆ ಕಠಿನ.

ವೇಗವೇ ಪ್ರಧಾನವಾದ ಪಂದ್ಯಗಳಲ್ಲಿ ಕಠಿನ ಬೂಟಿಗೆ ಪಟ್ಟ. ಕಾಲು ಕೂದಲೆಳೆಯಷ್ಟು ವಾಲಿದರೂ ಅದು ತಕ್ಷಣ ಹಲಗೆಯ ಅಂಚಿಗೆ ಮುಟ್ಟಬೇಕು. ನಡುವೆ ಬೂಟು ಬಾಗಿ ಆ ಬಲವನ್ನು ನುಂಗಿಬಿಡಬಾರದು. ಆದರೆ ಗಾಳಿಯಲ್ಲಿ ಲಾಗ ಹಾಕುವವನ ಕಷ್ಟ ಬೇರೆ. ಅವನಿಗೆ ಹಲಗೆ ಮಾತು ಕೇಳಲೂ ಬೇಕು, ಕೆಳಗಿಳಿದಾಗ ನೆಲದ ಪೆಟ್ಟು ನೇರವಾಗಿ ಎಲುಬಿಗೆ ತಾಗದಿರಲೂ ಬೇಕು. ಈ ಎರಡು ಬೇಡಿಕೆಗಳೂ ಪರಸ್ಪರ ವಿರುದ್ಧವಾದುವು. ಸಮಸ್ಯೆಯ ಮೂಲ ಇಲ್ಲಿದೆ.

ಬೂಟಿನ ಮೇಲಿನ ಅಂಕಿ

ಅಂಗಡಿಯಲ್ಲಿ ಮಾರುವ ಬೂಟಿನ ಮೇಲೆ 80, 100, 120 ಎಂದು ಒಂದು ಅಂಕಿ ಇರುತ್ತದೆ. ಅಂಕಿ ಏರಿದಂತೆ ಬಿಗಿತವೂ ಏರುತ್ತದೆ. ಕಲಿಯುವವರಿಗೆ 60ರ ಆಸುಪಾಸು, ಪಂದ್ಯದ ವೇಗಿಗಳಿಗೆ 130, 150. ಅಂಕಿಯನ್ನು ಕಂಡೊಡನೆ ಗ್ರಾಹಕನಿಗೆ ವಿಶ್ವಾಸ ಹುಟ್ಟುತ್ತದೆ. ಆದರೆ ಈ ಅಂಕಿ ಸೇರಿನಂತೆ, ಗಜದಂತೆ ಎಲ್ಲರೂ ಒಪ್ಪಿದ ಅಳತೆಯಲ್ಲ. ಒಬ್ಬ ತಯಾರಕನ 100 ಇನ್ನೊಬ್ಬನ 100ಕ್ಕೆ ಸಮನಾಗಿರಬೇಕೆಂಬ ನಿಯಮವಿಲ್ಲ.

ಹವೆಯೂ ಇದರಲ್ಲಿ ಕೈಯಾಡಿಸುತ್ತದೆ. ಬೂಟಿನ ಚಿಪ್ಪಿಗೆ ಬಹಳವಾಗಿ ಬಳಸುವ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಚಳಿಗೆ ಸೆಟೆದುಕೊಳ್ಳುವ ಸ್ವಭಾವದ್ದು. ಬೆಚ್ಚಗಿನ ಅಂಗಡಿಯಲ್ಲಿ ಹಿತವಾಗಿ ಬಾಗಿದ ಬೂಟು ಕೊರೆಯುವ ಚಳಿಯ ಮುಂಜಾನೆ ಬೆಟ್ಟದ ತಲೆಯ ಮೇಲೆ ಮರದ ಕೊರಡಾಗುತ್ತದೆ. ವಸಂತದ ಬಿಸಿಲಿನಲ್ಲಿ ಅದೇ ಬೂಟು ಸೋತು ಸೊರಗುತ್ತದೆ. ಮೆಟ್ಟುವವನ ತೂಕ, ಕಣಕಾಲಿನ ಉದ್ದ ಇವೂ ಲೆಕ್ಕಕ್ಕೆ ಬರುತ್ತವೆ. ಉದ್ದ ಕಾಲಿನ ಭಾರಿ ಆಳು ಸನ್ನೆಗೋಲಿನಿಂದ ಕಲ್ಲು ಮೀಟಿದಂತೆ ಯಾವ ಬೂಟನ್ನು ಬಾಗಿಸಬಲ್ಲನೋ, ಅದನ್ನೇ ಮೆಟ್ಟಿದ ಹದಿನಾಲ್ಕರ ಬಾಲಕಿಯ ಕಾಲು ಗಾರೆಯಲ್ಲಿ ಹುಗಿದಂತೆ ನಿಲ್ಲುತ್ತದೆ. ಬೂಟು ಒಂದೇ, ಅಂಕಿ ಒಂದೇ. ಬಿಗಿತ ಮಾತ್ರ ಇಬ್ಬರಿಗೂ ಬೇರೆ ಬೇರೆ.

ಚರ್ಮ ಹೋಗಿ ಪ್ಲಾಸ್ಟಿಕ್ ಬಂದಿತು

ಬಿಗಿತದ ಚಿಂತೆ ಇಷ್ಟು ದೊಡ್ಡದಾದುದು ಈಚೆಗೆ. ನಾರ್ವೆಯ ಸ್ಟೈನ್ ಎರಿಕ್ಸನ್ 1952ರ ಓಸ್ಲೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದಾಗ ಕಾಲಿನಲ್ಲಿದ್ದುದು ದಾರ ಕಟ್ಟುವ ಚರ್ಮದ ಬೂಟು. ಆತನು ಮುಂದೆ ಅಮೆರಿಕಕ್ಕೆ ಹೋಗಿ ನೆಲೆಸಿ, ಹಲಗೆ ಕಟ್ಟಿಕೊಂಡೇ ಗಾಳಿಯಲ್ಲಿ ಲಾಗ ಹಾಕಿ ಜನರನ್ನು ಮರುಳುಮಾಡಿದನು. ಇಂದಿನ ಲಾಗಗಾರರು ತಮ್ಮ ವಂಶಾವಳಿಯನ್ನು ಹೇಳಿಕೊಳ್ಳುವಾಗ ಮೊದಲ ಹೆಸರಾಗಿ ಅವನನ್ನು ಸ್ಮರಿಸುವುದುಂಟು.

1955ರಲ್ಲಿ ಸ್ವಿಟ್ಜರ್ಲೆಂಡಿನ ಹೆಂಕೆ ಸಂಸ್ಥೆ ದಾರದ ಬದಲು ಲೋಹದ ಕೊಕ್ಕೆಗಳುಳ್ಳ ಬೂಟನ್ನು ಹೊರತಂದಿತು. 1960ರ ದಶಕದಲ್ಲಿ ಅಮೆರಿಕದ ಬಾಬ್ ಲ್ಯಾಂಗ್ ಎಂಬಾತನು ಪ್ಲಾಸ್ಟಿಕ್ಕಿನ ಬೂಟನ್ನು ಅಚ್ಚು ಹಾಕಿದನು. ಚರ್ಮ ನೆನೆದು ಮೆತ್ತಗಾಗುವ ತೊಂದರೆ ತಪ್ಪಿತು. ಹಲಗೆಯ ಮೇಲಿನ ಹತೋಟಿ ಹೆಚ್ಚಿತು. ಬೂಟು ಎತ್ತರವೂ ಕಠಿನವೂ ಆಯಿತು. ಆದರೆ ಪ್ರಕೃತಿ ತನ್ನ ಸುಂಕವನ್ನು ಎಲ್ಲಿಯಾದರೂ ವಸೂಲು ಮಾಡದೆ ಬಿಡುವುದಿಲ್ಲ. ತಗ್ಗಾದ ಚರ್ಮದ ಬೂಟಿನ ಕಾಲದಲ್ಲಿ ಬಿದ್ದವರ ಹರಡು ಉಳುಕುತ್ತಿತ್ತು, ಮುರಿಯುತ್ತಿತ್ತು. ಎತ್ತರದ ಬೂಟು ಬಂದ ಮೇಲೆ ಹರಡು ಬಚಾವಾಯಿತು; ಪೆಟ್ಟು ಮೇಲಕ್ಕೆ ಹತ್ತಿ ಬೂಟಿನ ಅಂಚಿನಲ್ಲಿ ಕಣಕಾಲಿನ ಎಲುಬನ್ನು ಹಿಡಿಯಿತು. ಬಿದ್ದಾಗ ಕಾಲನ್ನು ಬಿಟ್ಟುಕೊಡುವ ಉತ್ತಮ ಕಟ್ಟುಗಳು ಬಂದು ಎಲುಬಿನ ಮುರಿತ ಇಳಿಮುಖವಾಯಿತು. ಆದರೆ ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವ ಆಪತ್ತು ಇಂದಿಗೂ ಉಳಿದಿದೆ.

ಗಗನಯಾತ್ರಿಯ ಉಡುಪು ಕಲಿಸಿದ ಪಾಠ

ಎರಡು ತುಂಡುಗಳ ಸಾಮಾನ್ಯ ಚಿಪ್ಪಿನ ಒಂದು ದೋಷವೆಂದರೆ, ಮುಂದಕ್ಕೆ ಒತ್ತಿದಾಗ ಅದು ಪಕ್ಕಗಳಲ್ಲಿ ಉಬ್ಬಿಕೊಳ್ಳುತ್ತದೆ. ಮೊದಲು ಹಠ, ಆಮೇಲೆ ಒಮ್ಮೆಗೇ ಶರಣಾಗತಿ. ಈ ಎಡರನ್ನು ಬಿಡಿಸಿದವನು ಎರಿಕ್ ಗೀಸ್ ಎಂಬ ಅಮೆರಿಕದ ಎಂಜಿನಿಯರು. ಗಗನಯಾತ್ರಿಯ ಉಡುಪಿನಲ್ಲಿ ಮೊಳಕೈ, ಮಂಡಿಗಳ ಬಳಿ ಮಡಿಕೆ ಮಡಿಕೆಯಾದ ಜೋಡಣೆಯಿರುತ್ತದೆ. ಒಳಗಿನ ಗಾಳಿಯ ಒತ್ತಡದಿಂದ ಬಿಗಿದ ಉಡುಪು ಅಲ್ಲಿ ಮಾತ್ರ, ಆಕಾರಗೆಡದೆ, ಬಾಗುತ್ತದೆ. ಅದೇ ತತ್ತ್ವವನ್ನು ಬೂಟಿಗೇಕೆ ತರಬಾರದು?

ಹೀಗೆ ಮೂರು ತುಂಡುಗಳ ಬೂಟು ಹುಟ್ಟಿತು: ಕೆಳಚಿಪ್ಪು, ಹಿಂಬದಿಯ ಪಟ್ಟಿ, ಮುಂದೆ ಮಡಿಕೆಗಳುಳ್ಳ ಪ್ರತ್ಯೇಕ ನಾಲಿಗೆ. ಇದರಲ್ಲಿ ಬಾಗುವ ಕೆಲಸ ನಾಲಿಗೆಯದು. ಪಾದವನ್ನು ಪಕ್ಕಗಳಿಂದ ಭದ್ರವಾಗಿ ಹಿಡಿಯುವ ಕೆಲಸ ಚಿಪ್ಪಿನದು. ಸ್ವಿಟ್ಜರ್ಲೆಂಡಿನ ರೈಕ್ಲೆ ಸಂಸ್ಥೆ ಸುಮಾರು 1980ರಲ್ಲಿ ಇದನ್ನು ‘ಫ್ಲೆಕ್ಸಾನ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಹಿಮದ ಗುಡ್ಡೆಗಳ ಮೇಲೆ ಇಳಿಯುವ ಆಟಗಾರರು ಇದನ್ನು ಪ್ರೀತಿಯಿಂದ ಅಪ್ಪಿಕೊಂಡರು. ಅದೇ ಅಚ್ಚುಗಳು 2006ರಲ್ಲಿ ‘ಫುಲ್ ಟಿಲ್ಟ್’ ಎಂಬ ಹೊಸ ಹೆಸರಿನಿಂದ ಪುನರ್ಜನ್ಮ ಪಡೆದು ಲಾಗಗಾರರ ಕಾಲು ಸೇರಿದುವು. ನಾಲಿಗೆಯನ್ನಷ್ಟೇ ಕಳಚಿ ಬೇರೊಂದನ್ನು ಸಿಕ್ಕಿಸಿದರೆ ಬಿಗಿತವೇ ಬದಲಾಗುವುದು ಈ ಬೂಟಿನ ಒಂದು ವಿಶೇಷ. ತಂಬೂರಿಯ ತಂತಿಯನ್ನು ಬಿಗಿಮಾಡಿ ಸಡಿಲಿಸಿ ಶ್ರುತಿ ಹಿಡಿಯುವ ಹಾಗೆ, ಆಟಕ್ಕೆ ತಕ್ಕಂತೆ ಬೂಟನ್ನು ಹದಕ್ಕೆ ತರಬಹುದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಿಗಿತವೆಂಬುದು ಒಂದೇ ಗುಣವಲ್ಲ. ಮುಂದಕ್ಕೆ ಬಾಗುವುದರ ಬಿಗಿತ ಬೇರೆ, ಪಕ್ಕಕ್ಕೆ ವಾಲುವುದರ ಬಿಗಿತ ಬೇರೆ, ಹಿಂದಕ್ಕೆ ಒರಗುವುದರ ಬಿಗಿತ ಬೇರೆ. ಒಳ್ಳೆಯ ಲಾಗದ ಬೂಟು ಮುಂದಕ್ಕೆ ಹದವಾಗಿ ಬಾಗುತ್ತ, ಪಕ್ಕಕ್ಕೆ ಬಂಡೆಯಂತೆ ನಿಲ್ಲಬೇಕು. ಬೂಟಿನ ಮೇಲಿನ ಒಂದು ಅಂಕಿ ಈ ಮೂರನ್ನೂ ಹೇಳಲಾರದು; ಅದು ಹೇಳುವುದು ಮೊದಲನೆಯದನ್ನು ಮಾತ್ರ.

ಆಟಕ್ಕೆ ತಕ್ಕ ಬಿಗಿತ

ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಈ ಸ್ವಚ್ಛಂದ ಶೈಲಿಯ ಆಟಕ್ಕೆ ಮನ್ನಣೆಯಿತ್ತುದು 1979ರಲ್ಲಿ. ಒಲಿಂಪಿಕ್ ಪದಕಗಳ ಪಟ್ಟಿಗೆ ಅದರ ಶಾಖೆಗಳು ಒಂದೊಂದಾಗಿ ಬಂದುವು: ಹಿಮಗುಡ್ಡೆಗಳ ‘ಮೊಗಲ್ಸ್’ 1992ರಲ್ಲಿ, ಎತ್ತರದ ಲಾಗಗಳ ‘ಏರಿಯಲ್ಸ್’ 1994ರಲ್ಲಿ, ‘ಹಾಫ್‌ಪೈಪ್’ ಮತ್ತು ‘ಸ್ಲೋಪ್‌ಸ್ಟೈಲ್’ 2014ರಲ್ಲಿ, ‘ಬಿಗ್ ಏರ್’ 2022ರಲ್ಲಿ. ಒಂದೊಂದಕ್ಕೂ ಬೂಟಿನಿಂದ ಒಂದೊಂದು ಬಗೆಯ ಸೇವೆ ಬೇಕು.

ಮೊಗಲ್ಸ್ ಆಟದಲ್ಲಿ ನೂರಕ್ಕೆ 60 ಪಾಲು ಅಂಕ ತಿರುವುಗಳ ಅಂದಕ್ಕೆ. 20 ಪಾಲು ನೆಗೆತಕ್ಕೆ, 20 ವೇಗಕ್ಕೆ. ಗುಡ್ಡೆಯಾದ ಮೇಲೆ ಗುಡ್ಡೆ ಕಾಲನ್ನು ಮೇಲಕ್ಕೆ ಒದೆಯುತ್ತಲೇ ಇರುತ್ತದೆ. ಮೇಲಿನ ದೇಹ ನೀರು ತುಂಬಿದ ಕೊಡದಂತೆ ತುಳುಕದೆ ಸಾಗಬೇಕಾದರೆ ಕೆಳಗೆ ಮಂಡಿಯೂ ಹರಡೂ ಎಡೆಬಿಡದೆ ಮಡಿಯುತ್ತ ಬಿಚ್ಚುತ್ತ ಇರಬೇಕು. ಅಲ್ಲಿ ಬೂಟು ಜರ್ಕು ಹೊಡೆಯದೆ ನಯವಾಗಿ ಬಾಗಬೇಕು. ಬಾಗಿದಷ್ಟೂ ಪ್ರತಿರೋಧ ಸ್ವಲ್ಪ ಸ್ವಲ್ಪವಾಗಿ ಏರುತ್ತ ಹೋಗಬೇಕು.

ಲೋಹದ ಕಂಬಿಗಳ ಮೇಲೆ ಜಾರುವವರಿಗೂ, ಹಲಗೆಯ ಮೂತಿಯ ಮೇಲೆ ಭಾರ ಹಾಕಿ ಬುಗುರಿಯಂತೆ ತಿರುಗುವವರಿಗೂ ಮೃದು ಬೂಟೇ ಪ್ರಿಯ. ಮೂತಿಯ ಮೇಲೆ ಒರಗಬೇಕಾದರೆ ಹರಡು ಬಹಳವಾಗಿ ಮಡಿಯಬೇಕು. ಗಾಳಿಯಲ್ಲಿ ಕಾಲು ಮಡಿಸಿ ಕೈಯಿಂದ ಹಲಗೆಯನ್ನು ಹಿಡಿಯುವ ಭಂಗಿಗಳಿಗೂ ಈ ಮೆದುತನ ಅನುಕೂಲ.

ಹಾಫ್‌ಪೈಪ್ ಎಂಬುದು ಸೀಳಿದ ಕೊಳವೆಯಾಕಾರದ ಹಿಮದ ಕಾಲುವೆ. ಅದರ ಗೋಡೆಗಳ ಎತ್ತರ 22 ಅಡಿ. ಮಂಜುಗಡ್ಡೆಯಂತೆ ಗಡುಸಾದ ಆ ಗೋಡೆಯನ್ನು ಏರುವಾಗ ಹಲಗೆಯ ಅಂಚು ಕಚ್ಚಿ ಹಿಡಿಯಬೇಕು. ಹಿಡಿತ ಜಾರಿದರೆ ನೆಗೆತವೇ ಕೆಡುತ್ತದೆ. ಆದ್ದರಿಂದ ಅಲ್ಲಿಯೂ ಬಿಗ್ ಏರ್‌ನ ದೊಡ್ಡ ದಿಬ್ಬಗಳಲ್ಲಿಯೂ ಹೆಚ್ಚು ಬಿಗಿಯಾದ ಬೂಟಿಗೆ ಬೆಲೆ. ಕಂಬಿಯ ಮೇಲೆ ಸುಖವೆನಿಸಿದ ಮೆದು ಬೂಟನ್ನೇ ಮೆಟ್ಟಿ ದೊಡ್ಡ ದಿಬ್ಬದಿಂದ ಹಾರಿದವನು ಕೆಳಗಿಳಿಯುವಾಗ ಅದರ ಫಲವನ್ನು ಅನುಭವಿಸುತ್ತಾನೆ.

ಗಾಳಿಯಲ್ಲಿರುವಾಗ ಬೂಟಿನ ಬಿಗಿತ ಗಿರಕಿಗೆ ನೆರವಾಗುವುದೆ? ಇಲ್ಲ. ಹಿಮವನ್ನು ಬಿಟ್ಟ ಮೇಲೆ ಒದೆಯಲು ಕಾಲಡಿಯಲ್ಲಿ ಏನೂ ಇರುವುದಿಲ್ಲ. ಅಂಚನ್ನು ಬಿಡುವ ಗಳಿಗೆಯಲ್ಲಿ ದೇಹ ಎಷ್ಟು ಸುತ್ತುವೇಗವನ್ನು ಸಂಪಾದಿಸಿತೋ ಅದೇ ಬಂಡವಾಳ. ಕೈಕಾಲು ಮುದುಡಿ ಅದನ್ನು ಬೇಗ ಖರ್ಚುಮಾಡಬಹುದು, ಚಾಚಿ ನಿಧಾನವಾಗಿ ಖರ್ಚುಮಾಡಬಹುದು, ಹೊಸದಾಗಿ ಗಳಿಸುವಂತಿಲ್ಲ. ಆದ್ದರಿಂದ ಬೂಟಿನ ಬಿಗಿತಕ್ಕೆ ಪರೀಕ್ಷೆ ಎರಡೇ ಗಳಿಗೆಗಳಲ್ಲಿ: ನೆಲ ಬಿಡುವಾಗ ಒಂದು, ನೆಲ ಮುಟ್ಟುವಾಗ ಇನ್ನೊಂದು. ನಡುವಣ ಕಾಲದಲ್ಲಿ ಬೂಟು ಕಾಲಿಗೆ ಕಟ್ಟಿದ ಒಂದು ಭಾರ, ಅಷ್ಟೇ.

ನೆಲ ಮುಟ್ಟುವ ಗಳಿಗೆ

ಐದು ಮೀಟರು ಎತ್ತರದಿಂದ ನೇರವಾಗಿ ಬಿದ್ದ ದೇಹ ನೆಲ ಮುಟ್ಟುವಾಗ ಗಂಟೆಗೆ ಸುಮಾರು 36 ಕಿಲೋಮೀಟರು ವೇಗದಲ್ಲಿರುತ್ತದೆ. ಸಮತಟ್ಟಾದ ನೆಲದ ಮೇಲೆ ಇದು ಕಾಲು ಮುರಿಯುವ ವೇಗ. ಆದಕಾರಣ ಇಳಿಯುವ ಜಾಗವನ್ನು ಕಡಿದಾದ ಇಳಿಜಾರಾಗಿ ಕಟ್ಟುತ್ತಾರೆ. ಏರಿಯಲ್ಸ್ ಆಟದಲ್ಲಿ ಅದು ಸುಮಾರು 38 ಅಂಶಗಳಷ್ಟು ಕಡಿದು. ಬೀಳುವ ದಾರಿಯೂ ಇಳಿಜಾರೂ ಒಂದೇ ದಿಕ್ಕಿಗೆ ಹತ್ತಿರವಾದಷ್ಟೂ ಪೆಟ್ಟು ಕಡಿಮೆ.

ಹೀಗೆ ಕಳೆದು ಉಳಿದ ಪೆಟ್ಟು ಒಂದು ಮೀಟರು ಎತ್ತರದಿಂದ ಬಿದ್ದುದಕ್ಕೆ ಸಮನೆಂದಿಟ್ಟುಕೊಳ್ಳಿ. ಅರವತ್ತು ಕಿಲೋ ತೂಕದ ಆಟಗಾರ ಮೈಯನ್ನು ಮಡಿಸುತ್ತ ಅರ್ಧ ಮೀಟರಿನಷ್ಟು ಕುಗ್ಗಿ ನಿಂತರೆ ಕಾಲುಗಳು ಹೊರಬೇಕಾದ ಸರಾಸರಿ ಭಾರ ದೇಹದ ಮೂರರಷ್ಟು, ಎಂದರೆ 180 ಕಿಲೋ. ಕಾಲು ಮೀಟರಿನಲ್ಲೇ ನಿಂತರೆ ಐದರಷ್ಟು, 300 ಕಿಲೋ. ಮಡಿಯಲು ಸಿಗುವ ದೂರವೇ ಇಲ್ಲಿ ರಕ್ಷೆ.

ಈ ಮಡಿಯುವಿಕೆಗೆ ಬೂಟು ಹೇಗೆ ಅಡ್ಡ ಬರುತ್ತದೆಂಬುದನ್ನು ತಿಳಿಯಲು ಹಿಮಪರ್ವತಕ್ಕೆ ಹೋಗಬೇಕಾಗಿಲ್ಲ. ಕುಕ್ಕರುಗಾಲಿನಲ್ಲಿ ಕೂರುವುದು ನಮ್ಮವರಿಗೆ ಹೊಸದಲ್ಲ. ಕೂರುವಾಗ ಕಣಕಾಲು ತಾನಾಗಿ ಮುಂದಕ್ಕೆ ವಾಲುತ್ತದೆ; ಆದ್ದರಿಂದಲೇ ಭಾರ ಪಾದದ ಮೇಲೆ ನಿಲ್ಲುತ್ತದೆ. ಇನ್ನು ಕಣಕಾಲನ್ನು ಕಂಬದಂತೆ ನೆಟ್ಟಗೆ ನಿಲ್ಲಿಸಿ, ಹಿಮ್ಮಡಿ ಎತ್ತದೆ ಕೂರಲು ಯತ್ನಿಸಿದರೆ ಆಗುವುದೇನು? ಪೃಷ್ಠ ಹಿಂದಕ್ಕೆ ಸರಿದು ಮನುಷ್ಯ ದೊಪ್ಪನೆ ಹಿಂದಕ್ಕುರುಳುತ್ತಾನೆ. ಬಾಗದ ಬೂಟಿನಲ್ಲಿ ನೆಲಕ್ಕಿಳಿದವನ ಪಾಡೂ ಇದೇ. ಹರಡು ಮಡಿಯದ ಕಾರಣ ಮಂಡಿ ಮಾತ್ರ ಮಡಿದು ಭಾರವೆಲ್ಲ ಹಿಂದಕ್ಕೆ ಹೋಗುತ್ತದೆ.

ಅಪಾಯ ಅಡಗಿರುವುದು ಅಲ್ಲಿ. ಭಾರ ಹಿಂದಿರುವಾಗ ಹಲಗೆಯ ಬಾಲ ಮೊದಲು ಹಿಮಕ್ಕೆ ಬಡಿಯುತ್ತದೆ. ಹಲಗೆ ಸನ್ನೆಯಂತೆ ಮಗುಚಿ ಮುಂಭಾಗ ರಪ್ಪನೆ ಕೆಳಗಿಳಿಯುತ್ತದೆ. ಆಗ ಕಠಿನವಾದ ಬೂಟಿನ ಹಿಂಬದಿಯ ಅಂಚು ಮೀನಖಂಡವನ್ನು ಹಿಂದಿನಿಂದ ಮುಂದಕ್ಕೆ ನೂಕುತ್ತದೆ. ತೊಡೆಯ ಎಲುಬು ಹಿಂದೆ, ಕಣಕಾಲಿನ ಎಲುಬು ಮುಂದೆ. ಎರಡನ್ನೂ ಹಿಡಿದಿಟ್ಟ ಮಂಡಿಯೊಳಗಿನ ರಜ್ಜು ಹರಿಯುತ್ತದೆ. ವೈದ್ಯರು ಇದನ್ನು ಬೂಟಿನಿಂದಲೇ ಉಂಟಾಗುವ ಗಾಯದ ಒಂದು ಬಗೆಯೆಂದು ಗುರುತಿಸಿದ್ದಾರೆ. ಶಸ್ತ್ರಚಿಕಿತ್ಸೆ, ಅನೇಕ ತಿಂಗಳ ವ್ಯಾಯಾಮ, ಕಳೆದುಹೋದ ಪಂದ್ಯಗಳು, ಮತ್ತೆ ನೆಗೆಯುವಾಗ ಮನಸ್ಸಿನಲ್ಲಿ ಮೂಡುವ ಅಳುಕು: ಒಂದು ಕ್ಷಣದ ಕೊರತೆಗೆ ತೆರಬೇಕಾದ ದಂಡ ಸಣ್ಣದಲ್ಲ.

ಹಾಗಾದರೆ ಮೆದುವಾದ ಬೂಟೇ ಸುರಕ್ಷಿತವೆಂದುಕೊಳ್ಳಬೇಕೆ? ಅದೂ ಸರಿಯಲ್ಲ. ತೀರ ಮೆದುವಾದುದು ಪೆಟ್ಟಿನ ಮುಂದೆ ಒಮ್ಮೆಗೇ ಕುಸಿದು, ಬಾಗುವಷ್ಟು ಬಾಗಿದ ಮೇಲೆ ಠಕ್ಕನೆ ನಿಲ್ಲುತ್ತದೆ. ಉಳಿದ ಪೆಟ್ಟು ಹಿಮ್ಮಡಿಗೂ ಕಣಕಾಲಿನ ಮುಂಭಾಗದ ಎಲುಬಿಗೂ ನೇರವಾಗಿ ತಾಗುತ್ತದೆ. ಆಟಗಾರ ಮುಂದಕ್ಕೆ ಮುಗ್ಗರಿಸುತ್ತಾನೆ. ಕಣಕಾಲಿನ ಎಲುಬಿಗೆ ಮರುಕಳಿಸಿ ಮರುಕಳಿಸಿ ತಾಗುವ ಈ ನೋವು ಅನೇಕ ಲಾಗಗಾರರ ಹಳೆಯ ಶತ್ರು. ಬೂಟು ಸಡಿಲವಾಗಿದ್ದರಂತೂ ಕಾಲು ಒಳಗೆ ಗಂಟೆಯ ನಾಲಿಗೆಯಂತೆ ಬಡಿದಾಡಿ ನೋವು ಇಮ್ಮಡಿಯಾಗುತ್ತದೆ. ಆದಕಾರಣ ಎಷ್ಟೋ ಸಲ ದೋಷವಿರುವುದು ಬಿಗಿತದಲ್ಲಲ್ಲ, ಅಳತೆಯಲ್ಲಿ. ಒಂದು ಅಳತೆ ದೊಡ್ಡದಾದ ಬೂಟಿಗೆ ಯಾವ ಅಂಕಿಯಿದ್ದರೂ ಪ್ರಯೋಜನವಿಲ್ಲ. ಪೆಟ್ಟನ್ನು ನುಂಗಲು ಹಿಮ್ಮಡಿಯ ಕೆಳಗೆ ರಬ್ಬರಿನಂಥ ಮೆತ್ತೆಯನ್ನಿಡುವ ರೂಢಿಯೂ ಲಾಗದ ಬೂಟುಗಳಲ್ಲಿ ಬಂದಿದೆ.

ಹದವೇ ಗೆಲುವು

ಕನ್ನಡಿಗರಿಗೆ ಹಿಮದ ಆಟ ದೂರದ್ದೆಂದು ತೋರಬಹುದು. ಆದರೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ 2024ರಲ್ಲಿ ಚಿಲಿ ದೇಶದ ಅಂತರರಾಷ್ಟ್ರೀಯ ಪಂದ್ಯದಲ್ಲಿ ಕಂಚಿನ ಪದಕ ಗೆದ್ದು ಆ ಮಾತನ್ನು ಸುಳ್ಳುಮಾಡಿದ್ದಾರೆ. ಅವರದು ಬಯಲು ಹಿಮದ ಮೇಲೆ ದೂರ ಸಾಗುವ ಓಟದ ಬಗೆ. ಆ ಆಟದ ಬೂಟು ಹಗುರ; ಮುಂತುದಿ ಮಾತ್ರ ಹಲಗೆಗೆ ಸಿಕ್ಕಿ ಹಿಮ್ಮಡಿ ಹೆಜ್ಜೆಹೆಜ್ಜೆಗೂ ಮೇಲಕ್ಕೇಳುತ್ತದೆ. ಅದನ್ನು ಮೆಟ್ಟಿ ಬಿಗ್ ಏರ್‌ಗೆ ನೆಗೆದರೆ ಅನಾಹುತ. ಬಿಗ್ ಏರ್‌ನ ಬೂಟನ್ನು ಮೆಟ್ಟಿ ಹತ್ತು ಕಿಲೋಮೀಟರು ಓಡಹೊರಟರೆ ಅದೂ ಅನಾಹುತವೇ. ಉತ್ತಮವಾದ ಬೂಟು ಯಾವುದೆಂದು ಕೇಳುವುದಕ್ಕೆ ಮೊದಲು ಯಾವ ಕೆಲಸಕ್ಕೆಂದು ಕೇಳಬೇಕು.

ಆದರೂ ಪ್ರಾಯದ ಹುಮ್ಮಸ್ಸು ಆ ಪ್ರಶ್ನೆಗೆ ಕಾಯುವುದಿಲ್ಲ. ದೊಡ್ಡ ಆಟಗಾರರ ಕಾಲಿನಲ್ಲಿ 130ರ ಬೂಟು ಕಂಡ ಹುಡುಗ ತನಗೂ ಅದೇ ಬೇಕೆನ್ನುತ್ತಾನೆ. ಕಡಿಮೆ ಅಂಕಿಯ ಬೂಟು ಕೊಳ್ಳುವುದು ಅವನಿಗೆ ಅವಮಾನ. ಬೆಲೆಯೂ ಸಾಮಾನ್ಯವಾಗಿ ಅಂಕಿಯೊಡನೆಯೇ ಏರುವುದರಿಂದ, ಹೆಚ್ಚು ಹಣ ತೆತ್ತರೆ ಹೆಚ್ಚು ಒಳ್ಳೆಯದು ಬಂದಿತೆಂದು ತಂದೆತಾಯಿಗಳೂ ನಂಬುತ್ತಾರೆ. ಬಲಿಯದ ಕಾಲು, ಹಗುರವಾದ ಮೈ, ಬಾಗದ ಬೂಟು: ಮೂರೂ ಕೂಡಿದಾಗ ಹಣ ಕೊಟ್ಟು ಗಾಯವನ್ನು ಕೊಂಡಂತಾಗುತ್ತದೆ.

ಅನುಭವಿಗಳು ಹೇಳುವ ಉಪಾಯ ಸರಳವಾದುದು. ಮೊದಲು ಪಾದಕ್ಕೆ ಸರಿಯಾದ ಅಳತೆ, ಆಮೇಲೆ ಬಿಗಿತ. ಬೂಟು ಮೆಟ್ಟಿ, ಕೊಕ್ಕೆ ಬಿಗಿದು, ಮೊಣಕಾಲನ್ನು ಮುಂದಕ್ಕೆ ಬಾಗಿಸಿ ನೋಡಬೇಕು. ಹರಡು ಕೊಂಚವೂ ಮಡಿಯದಿದ್ದರೆ ಅದು ಆ ಕಾಲಿಗೆ ಕಠಿನ. ತಡೆಯೇ ಇಲ್ಲದೆ ಮಡಿದುಬಿಟ್ಟರೆ ಮೆದು. ಅಂಗಡಿಯ ಬೆಚ್ಚನೆಯ ಹವೆಯಲ್ಲಿ ಸ್ವಲ್ಪ ಮೆದುವೆನಿಸಿದುದು ಬೆಟ್ಟದ ಚಳಿಯಲ್ಲಿ ಸರಿಹೋಗುವುದುಂಟು ಎಂಬುದನ್ನೂ ನೆನಪಿನಲ್ಲಿಡಬೇಕು. ಬೂಟನ್ನು ಕಾಲಿಗೆ ಹೊಂದಿಸಿಕೊಡುವ ನುರಿತ ಕಸಬುದಾರನ ಒಂದು ಗಂಟೆಯ ಕೆಲಸ ಚಿಪ್ಪಿನ ಮೇಲಿನ ಅಂಕಿಗಿಂತ ಹೆಚ್ಚು ಬೆಲೆಯುಳ್ಳದ್ದು.

ನಮ್ಮ ದೊಂಬರು ಆಟಕ್ಕೆ ಬಿದಿರನ್ನು ಆರಿಸುವಾಗ ಎಳೆಯದನ್ನು ಬಿಡುತ್ತಾರೆ, ತೀರ ಒಣಗಿದುದನ್ನೂ ಬಿಡುತ್ತಾರೆ. ಎಳೆಯದು ಭಾರಕ್ಕೆ ಜೋಲುತ್ತದೆ, ಒಣಗಿದುದು ಸಿಡಿದು ಮುರಿಯುತ್ತದೆ. ಗಳುವಿನ ಮೇಲೇರುವುದು ತಮ್ಮದೇ ಮಗುವಾದ್ದರಿಂದ ಅವರು ಕೈಯಿಂದ ಬಗ್ಗಿಸಿ ನೋಡದೆ ಯಾವ ಗಳುವನ್ನೂ ನೆಡುವುದಿಲ್ಲ. ಹಿಮದ ಮೇಲೆ ಲಾಗ ಹಾಕಹೊರಟ ಮಕ್ಕಳಿಗೆ ಬೂಟು ಕೊಡಿಸುವವರೂ ಅಷ್ಟನ್ನು ಮಾಡಿದರೆ ಎಷ್ಟೋ ಮಂಡಿಗಳು ಉಳಿದಾವು.